ತಗಡಮ್ಮನ ಬ್ರೇಕು

ಜನವರಿ ೧೨

ಬೋಲ್ಟೂ,

ನಿನ್ನ ಪಾರ್ಸೆಲ್ ಬಂದಿದೆ. ಬಂದು, ಬಾಗಿಲ ಪಕ್ಕದ ಮೂಲೆಯಲ್ಲಿ ಮುನಿಸಿಕೊಂಡ ಅಳಿಯನ ಹಾಗೆ ಕೂತಿದೆ. ತೆರೆದಿಲ್ಲ. ತೆರೆಯುವುದೂ ಇಲ್ಲ. ‘ಹೆಂಗಿದೆ ಅಕ್ಕಾ?’ ಅಂತ ನೀನು ಕೇಳುವ ಮೊದಲೇ ಹೇಳಿಬಿಟ್ಟೆ ನೋಡು.

ಚಿಕ್ಕಂದಿನಿಂದ ನಿನ್ನದು ಇದೇ ಕಥೆ. ಯಾರೂ ಕೇಳದೆ ಮನೆಯ ರೇಡಿಯೋ ಬಿಚ್ಚುತ್ತಿದ್ದೆ, ವಾಪಸ್ಸು ಜೋಡಿಸುತ್ತಿದ್ದೆ, ಕೊನೆಗೆ ಒಂದು ಬೋಲ್ಟು ಕೈಯಲ್ಲೇ ಉಳಿಯುತ್ತಿತ್ತು. ಹೆಸರು ಸುಮ್ಮನೆ ಬಂತೇ? ಈಗ ಆಫೀಸಿನ ಅಷ್ಟೂ ಕಂಪ್ಯೂಟರು ನೋಡಿಕೊಳ್ಳುವ ದೊಡ್ಡ ಮನುಷ್ಯನಾಗಿದ್ದೀಯ. ವರ್ಷಕ್ಕೊಂದು ಮೊಬೈಲು. ಹೊಸ ಗಾಜಿನ ಮೇಲಿನ ಪ್ಲಾಸ್ಟಿಕ್ ಹಾಳೆ ಸುಲಿಯುವಾಗ ನಿನ್ನ ಮುಖದಲ್ಲಿ ಬರುವ ಕಳೆ ನಿನ್ನ ಮದುವೆಯ ದಿನ ಕೂಡ ಬಂದಿರಲಿಲ್ಲ. ನಿನ್ನ ಖುಷಿ ನಿನಗೆ. ನನ್ನ ಬಾಯಿಗೆ ಮಾತ್ರ ಕೈ ಹಾಕಬೇಡ.

ಬಾಯಿ ಅಂದರೆ ನಮ್ಮ ತಗಡಮ್ಮ. ಈ ಕಾಯಿಲೆಯಲ್ಲಿ ಕೈಕಾಲಿನ ಹಿಂದೆಯೇ ನನ್ನ ನಾಲಿಗೆಯೂ ಬಿದ್ದುಹೋದ ವರ್ಷ ನಿನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ನೀನೇ ಪ್ರೋಗ್ರಾಂ ಬರೆದು ಕೊಟ್ಟೆಯಲ್ಲ, ಮರೆತೆಯಾ? ಪರದೆಯ ತುಂಬ ಚೌಕಗಳು, ಒಂದೊಂದರ ಮೇಲೂ ಹಾದುಹೋಗುವ ಬೆಳಕು. ಬೇಕಾದ ಕಡೆ ಬೆಳಕು ಬಂದಾಗ ಬಲ ಹೆಬ್ಬೆರಳಿನಿಂದ ಗುಂಡಿ ಒತ್ತುತ್ತೇನೆ, ತಗಡಿನ ಡಬ್ಬಿಯೊಳಗೆ ಕೂತು ಕಿರುಚಿದ ಹಾಗೆ ದನಿ ಬರುತ್ತದೆ. ಚೆಂದವೇನಲ್ಲ. ಆದರೆ ಅದು ಹೇಳುವುದು ನಾನು ಹೇಳಿದ್ದನ್ನೇ. ಇಡೀ ಪ್ರಾಯ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಕಂಡವರಿಗೆಲ್ಲ ಬೈದು ಗಾಡಿ ಕಲಿಸಿದವಳು ನಾನು. ಆ ಬೈಗುಳಗಳೆಲ್ಲ ಅದರಲ್ಲಿವೆ.

ಮೊದಲನೇ ಚೌಕ ‘ಬ್ರೇಕ್’. ಗಂಟಲಲ್ಲಿ ಎಂಜಲೋ ಕಫವೋ ಸಿಕ್ಕಿಕೊಂಡು ಉಸಿರು ಕಟ್ಟಿದರೆ ನನಗೆ ಕೆಮ್ಮುವ ಶಕ್ತಿ ಇಲ್ಲ. ಒತ್ತಿದೆನೋ, ‘ಬ್ರೇಕ್!’ ಅಂತ ಮನೆ ನಡುಗುತ್ತದೆ. ನಿನ್ನ ಭಾವ ಎಲ್ಲಿದ್ದರೂ ಬಿದ್ದಂಬೀಳ ಓಡಿ ಬಂದು ಕಫ ಎಳೆಯುವ ಮೆಷಿನ್ನಿನ ಕೊಳವೆ ಬಾಯಿಗಿಡುತ್ತಾರೆ. ಅವರಿಗೆ ಆ ಶಬ್ದದ ಭಯ ಹಳೆಯದು. ನನ್ನ ಹತ್ತಿರ ಗಾಡಿ ಕಲಿಯಲು ಬಂದ ದಿನ ನನ್ನ ಬಾಯಿಂದ ಅವರು ಕೇಳಿದ ಮೊದಲ ಮಾತೇ ಅದು. ಆವತ್ತು ಒತ್ತಲಿಲ್ಲ, ಕಸದ ತೊಟ್ಟಿಗೆ ಗುದ್ದಿದರು. ಈಗ ಸರಿಯಾಗಿ ಒತ್ತುತ್ತಾರೆ.

ಆದ್ದರಿಂದ ಪೆಟ್ಟಿಗೆ ಮೂಲೆಯಲ್ಲೇ ಇರಲಿ. ನೀನು, ನಿನ್ನ ಭಾವ ಮಾತು ಬಿಟ್ಟು ಎರಡನೇ ವರ್ಷ ನಡೆಯುತ್ತಿದೆ. ನೀನು ಕಳಿಸಿದ್ದು ಅಂತ ಅವರೂ ಅದನ್ನು ಸುತ್ತಿ ದಾಟಿಕೊಂಡು ಓಡಾಡುತ್ತಿದ್ದಾರೆ. ಈ ಕಾಗದ ಪ್ರಿಂಟ್ ತೆಗೆದು, ಮಡಚಿ, ಅಂಚೆಗೆ ಹಾಕುವವರು ಅವರೇ. ಓದುವುದಿಲ್ಲ ಅನ್ನುತ್ತಾರೆ. ಓದುತ್ತಾರೆ.

ನಿನ್ನ
ಅಕ್ಕ


ಫೆಬ್ರವರಿ ೨

ಅಕ್ಕಾ,

ಬೈದು ಮುಗೀತಾ? ಈಗ ನನ್ನ ಮಾತು ಕೇಳು.

ಮೊದಲೆಲ್ಲ ನೀನು ಒಂದು ಮಧ್ಯಾಹ್ನದಲ್ಲಿ ಕಾಗದ ಮುಗಿಸುತ್ತಿದ್ದೆ. ಈ ಕಾಗದದ ಮೇಲೆ ಹನ್ನೆರಡನೇ ತಾರೀಕು ಇದೆ, ಅಂಚೆಯ ಮುದ್ರೆ ತಿಂಗಳ ಕೊನೆಯದು. ನಡುವಿನ ದಿನಗಳೆಲ್ಲ ಎಲ್ಲಿ ಹೋದವು ಅಂತ ನೀನು ಬರೆದಿಲ್ಲ. ಹೆಬ್ಬೆರಳು ಗುಂಡಿ ತಪ್ಪುತ್ತಿದೆ, ಅಲ್ವಾ? ಬೆಳಕು ಹಾದುಹೋದ ಮೇಲೆ ಒತ್ತುತ್ತೀಯ, ಮತ್ತೆ ಮೊದಲಿನಿಂದ ಕಾಯುತ್ತೀಯ. ‘ಬ್ರೇಕ್’ ಅನ್ನೋವಾಗ ಬೆರಳು ತಪ್ಪಿದರೆ?

ಇನ್ನು ತಗಡಮ್ಮ. ಕಳೆದ ಸಲ ಬಂದಾಗಲೇ ಅವಳ ಡಿಸ್ಕು ಕಟಕಟ ಅನ್ನುತ್ತಿತ್ತು. ಬ್ಯಾಟರಿ ಉಬ್ಬಿ ತಳ ಏಳುತ್ತಿತ್ತು. ಆ ಮಾಡೆಲಿನ ಬಿಡಿಭಾಗ ಈಗ ಗುಜರಿಯಲ್ಲೂ ಸಿಗಲ್ಲ. ಹೊಸ ವಿಂಡೋಸ್ ಹಾಕಿದರೆ ನಾನು ಬರೆದ ಪ್ರೋಗ್ರಾಂ ಓಡಲ್ಲ, ಅದಕ್ಕೇ ಆವತ್ತು ‘ಇದಕ್ಕೆ ನೆಟ್ ತೋರಿಸಲೇಬೇಡಿ’ ಅಂದಿದ್ದು. ನಾನೇ ಬರೆದದ್ದು, ನನಗೇನು ಪ್ರೀತಿ ಇಲ್ವಾ? ಆದರೆ ಅವಳು ಯಾವತ್ತು ಕಣ್ಣು ಮುಚ್ಚುತ್ತಾಳೋ ಹೇಳೋಕಾಗಲ್ಲ, ಮುಚ್ಚಿದ ದಿನ ನಿನ್ನ ಬಾಯಿಯೂ ಮುಚ್ಚುತ್ತದೆ.

ಪೆಟ್ಟಿಗೆಯಲ್ಲಿರೋದು ಕಣ್ಣಿನಿಂದ ನಡೆಯುವ ಟ್ಯಾಬ್. ಅದರ ಕ್ಯಾಮರಾ ನಿನ್ನ ಕಣ್ಣುಗುಡ್ಡೆ ಎಲ್ಲಿ ನೋಡುತ್ತದೋ ಅಲ್ಲಿ ಒತ್ತುತ್ತದೆ. ಬೆರಳೇ ಬೇಡ.

ಭಾವನ ವಿಷಯ ನಾನು ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತೇನೆ, ಹೇಗೂ ಓದುತ್ತಾರಂತಲ್ಲ. ಲಿಫ್ಟ್ ರಿಪೇರಿ ಕೆಲಸ ಬಿಟ್ಟು ಒಬ್ಬರೇ ಹಗಲೂ ರಾತ್ರಿ ನಿನ್ನನ್ನು ನೋಡಿಕೊಳ್ಳೋದು ಆಗದ ಮಾತು, ಒಳ್ಳೆಯ ನರ್ಸಿಂಗ್ ಹೋಮ್ ಇದೆ ಅಂತ ನಾನು ಹೇಳಿದ್ದು ತಪ್ಪೇ ಅಲ್ಲ. ‘ನನ್ನ ಹೆಂಡ್ತಿ ಏನು ಹಳೇ ಸಾಮಾನಾ, ತಗೊಂಡೋಗಿ ಗೋಡೌನಿಗೆ ಹಾಕೋಕೆ?’ ಅಂತ ಬಾಗಿಲು ತೋರಿಸಿದರು. ಸರಿ. ಆದರೆ ಒಂದೇ ಒಂದು ಸಲ ನೀನು ಕೂಗಿದ್ದು ಅವರಿಗೆ ಕೇಳದೆ ಹೋದರೆ, ನಾನು ಯಾರ ಮಾತೂ ಕೇಳಲ್ಲ. ಬಂದು ಕರಕೊಂಡು ಹೋಗುತ್ತೇನೆ.

ಪೆಟ್ಟಿಗೆ ತೆರೆಸು.

ನಿನ್ನ
ಬೋಲ್ಟು


ಫೆಬ್ರವರಿ ೨೦

ಬೋಲ್ಟೂ,

ತೆರೆಸಿದೆ. ಬೆದರಿಕೆ ಹಾಕಿ ಗೆದ್ದೆ, ಮೀಸೆ ತಿರುವಿಕೋ.

ಸುಳ್ಳು ಹೇಳಲ್ಲ. ನಿನ್ನ ಭಾವ ಪ್ಲಾಸ್ಟಿಕ್ ಹಾಳೆ ಸುಲಿದಾಗ ಪರ್ರ್ ಅಂತ ಆ ಸದ್ದು ಬಂತಲ್ಲ, ನನಗೂ ಒಳಗೊಳಗೇ ಸುಖವಾಯಿತು. ಕಣ್ಣಿಗೆ ಪರದೆ ಹೊಂದಿಸಲು ಒಂದು ವಾರ ಒದ್ದಾಡಿದೆವು. ಕಿಟಕಿಯ ಬಿಸಿಲು ಬಿದ್ದರೆ ಅದಕ್ಕೆ ನನ್ನ ಕಣ್ಣು ಕಾಣಲ್ಲ. ಕನ್ನಡಕ ಹಾಕಿದರೆ ಪಕ್ಕದ ಚೌಕ ಒತ್ತುತ್ತದೆ. ಅವರು ಹಾಸಿಗೆಯ ಹಿಂದೆ ನಿಂತರೆ ಅವರ ಕಣ್ಣನ್ನೇ ನನ್ನದು ಅಂದುಕೊಂಡು ಅವರ ಮನಸ್ಸಿನಲ್ಲಿದ್ದದ್ದನ್ನು ಬರೆಯುತ್ತದೆ. ‘ಟೀ’ ಅಂತ ಬಂತು. ನೀರೂ ಊಟವೂ ಹೊಟ್ಟೆಗೆ ಹಾಕಿದ ನಳಿಗೆಯಲ್ಲೇ, ನಾನು ಬಾಯಲ್ಲಿ ಟೀ ಕುಡಿದು ಯಾವ ಕಾಲವಾಯಿತು!

ಆಮೇಲೆ ಒಂದು ಬೆಳಿಗ್ಗೆ ಎಲ್ಲ ಸರಿಹೋಯಿತು. ಎಲ್ಲಿ ನೋಡಿದರೆ ಅಲ್ಲಿ ಅಕ್ಷರ. ಕಾಯುವುದಿಲ್ಲ, ತಪ್ಪುವುದಿಲ್ಲ. ಈ ಕಾಗದ ಇವತ್ತೇ ಶುರು ಮಾಡಿದ್ದು, ಇವತ್ತೇ ಮುಗಿಯುತ್ತದೆ. ಹೌದು ಮಹಾರಾಯ, ನೀನು ಹೇಳಿದ್ದು ನಿಜ, ಹೆಬ್ಬೆರಳು ಕೈಕೊಟ್ಟಿತ್ತು. ಎರಡು ಸಲ ‘ಬ್ರೇಕ್’ ತಪ್ಪಿಹೋಗಿತ್ತು. ಅವರು ಆಗ ನನ್ನ ಎದುರಿಗೇ ಇದ್ದದ್ದಕ್ಕೆ ಬದುಕಿದೆ. ಬರೆದರೆ ನೀನು ಬ್ಯಾಗು ಹಿಡಕೊಂಡು ಬಂದುಬಿಡುತ್ತೀಯ ಅಂತ ಬರೆಯಲಿಲ್ಲ.

ಆದರೆ ಈ ಹೊಸ ದನಿ ಇದೆಯಲ್ಲ, ಇದಕ್ಕೆ ಬೆಣ್ಣೆಬಾಯಿ ಅಂತ ಹೆಸರಿಟ್ಟಿದ್ದೇನೆ. ಅಯ್ಯೋ, ಅದರ ನಯವೇ, ಅದರ ವಿನಯವೇ! ನಾನು ‘ನೀರು’ ಅಂದರೆ ಅದು, ‘ಮಾನ್ಯರೇ, ದಯವಿಟ್ಟು ಸ್ವಲ್ಪ ನೀರು ಕೊಡುವಿರಾ?’ ಅನ್ನುತ್ತದೆ. ‘ಫ್ಯಾನು’ ಅಂದರೆ, ‘ಮಾನ್ಯರೇ, ಬಹಳ ಸೆಖೆಯಾಗುತ್ತಿದೆ.’ ಅರ್ಧ ಮಾತು ಕೊಟ್ಟರೆ ಪೂರ್ತಿ ವಾಕ್ಯ ತಾನೇ ಕಟ್ಟುತ್ತದಂತೆ. ಕಟ್ಟಲು ಇದ್ಯಾರು? ಕಟ್ಟಿಕೊಂಡ ಗಂಡನನ್ನು ನಾನು ‘ರೀ’ ಅಂತ ಕರೆಯುತ್ತಾ ಬಂದವಳು. ಅವರಂತೂ ‘ಮಾನ್ಯರೇ’ ಅಂದಾಗಲೆಲ್ಲ ಹಿಂದೆ ತಿರುಗಿ, ಯಾರು ಬಂದರು ಅಂತ ಬಾಗಿಲು ನೋಡುತ್ತಾರೆ. ಆಮೇಲೆ ಸೊಂಟ ಬಗ್ಗಿಸಿ, ‘ಅಪ್ಪಣೆ ಮೇಡಂ’ ಅನ್ನುತ್ತಾರೆ. ನಗು ಬರುತ್ತದೆ. ನನಗೆ ನಕ್ಕರೂ ಗಂಟಲು ಕಟ್ಟುತ್ತದೆ, ಗೊತ್ತಲ್ಲ.

ಇದನ್ನು ಸರಿಮಾಡುವುದು ಹೇಗೆ ಬರೆ. ಇಮೇಲ್ ಬೇಡ, ಕಾಗದವೇ ಬರೆ. ನಿನ್ನ ಅಕ್ಷರ ನೋಡಬೇಕು ನನಗೆ. ತಗಡಮ್ಮ ಸದ್ಯಕ್ಕೆ ಮೇಜಿನ ಮೇಲೇ ಇದ್ದಾಳೆ, ಸವತಿಯನ್ನು ನೋಡುತ್ತಾ.

ಅಕ್ಕ


ಫೆಬ್ರವರಿ ೨೭

ಅಕ್ಕಾ,

ಅಂತೂ! ನಿನ್ನ ಕಾಗದ ಓದಿ ಆಫೀಸಿನಲ್ಲಿ ಒಬ್ಬನೇ ನಕ್ಕೆ, ಪಕ್ಕದವನು ಏನಾಯ್ತು ಅಂದ.

ಸೆಟ್ಟಿಂಗ್ಸ್‌ಗೆ ಹೋದರೆ ‘ಸ್ವಂತ ಪದಗಳು’ ಅಂತ ಇದೆ. ಅಲ್ಲಿ ‘ಮಾನ್ಯರೇ’ ಇರೋ ಕಡೆಯೆಲ್ಲ ‘ರೀ’ ಅಂತ ಹಾಕಿಸು. ಆಮೇಲೆ ‘ವಾಕ್ಯ ಪೂರ್ಣಗೊಳಿಸು’ ಅನ್ನೋದನ್ನು ಆಫ್ ಮಾಡಿಸು. ಆಮೇಲೆ ಬೆಣ್ಣೆಬಾಯಿ ನೀನು ಹೇಳಿದಷ್ಟೇ ಹೇಳುತ್ತಾಳೆ. ನೆಟ್ ಮಾತ್ರ ಕಿತ್ತುಹಾಕಬೇಡಿ. ಇದು ತಗಡಮ್ಮನ ಥರ ಅಲ್ಲ, ಆಗಾಗ ಅಪ್‌ಡೇಟ್ ಬರುತ್ತಾ ಇರಬೇಕು. ‘ಹೊಸ ಆವೃತ್ತಿ ಸಿದ್ಧವಿದೆ’ ಅಂತ ಕೇಳಿದರೆ ಕಣ್ಣು ಮುಚ್ಚಿಕೊಂಡು ‘ಸರಿ’ ಒತ್ತಲಿ.

ತಗಡಮ್ಮನನ್ನು ಇನ್ನು ಮಲಗಿಸಿ. ಆ ಉಬ್ಬಿದ ಬ್ಯಾಟರಿ ತೆಗೆದು ಹೊರಗಿಡೋದು ಒಳ್ಳೆಯದು.

ನೋಡಿದೆಯಾ, ಈ ಸಲ ಒಂದು ಬೋಲ್ಟೂ ಉಳಿಯಲಿಲ್ಲ.

ನಿನ್ನ
ಬೋಲ್ಟು


ಮಾರ್ಚ್ ೧೬

ಬೋಲ್ಟುವಿಗೆ,

ನಿನ್ನ ಭಾವ ಬರೆಯುತ್ತಿರುವ ಕಾಗದ. ಫೋನ್ ಮಾಡಲು ಮುಖವಿಲ್ಲ, ಕಾಗದ ಬರೆದು ರೂಢಿ ಇಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಮೊದಲೇ ಹೇಳುತ್ತೇನೆ, ನಿನ್ನ ಅಕ್ಕ ಆರಾಮಾಗಿದ್ದಾಳೆ. ಪಕ್ಕದಲ್ಲೇ ಇದ್ದಾಳೆ. ‘ಬರೀರಿ, ಪೂರ್ತಿ ಬರೀರಿ’ ಅಂತ ಟ್ಯಾಬಿನ ಪರದೆಯ ಮೇಲೆ ಬರೆದು ತೋರಿಸುತ್ತಿದ್ದಾಳೆ.

ನೀನು ಹೇಳಿದ್ದೆಲ್ಲ ಮಾಡಿದ್ದೆ. ‘ರೀ’ ಹಾಕಿದೆ, ವಾಕ್ಯ ಕಟ್ಟುವುದನ್ನು ಆಫ್ ಮಾಡಿದೆ. ಬ್ರೇಕ್ ಒತ್ತಿಸಿ ನೋಡಿದೆವು, ಬ್ರೇಕ್ ಅಂತಲೇ ಅಂದಿತು. ಎರಡು ವಾರ ಸರಿಯಾಗಿತ್ತು.

ಮೊನ್ನೆ ಬೆಳಿಗ್ಗೆ ಹೊಸ ಆವೃತ್ತಿ ಸಿದ್ಧ ಅಂತ ಬಂತು. ಸರಿ ಒತ್ತಿದೆ. ಟ್ಯಾಬ್ ಆರಿ ಹತ್ತಿಕೊಂಡಿತು. ಅವಳ ಮುಂದೆ ಇಟ್ಟು, ನಾನು ಪಕ್ಕದ ಕೋಣೆಯಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದೆ. ಆಗ ದನಿ ಕೇಳಿಸಿತು: ‘ರೀ, ನಿಮಗೆ ದಣಿವಾಗಿದೆ. ಸ್ವಲ್ಪ ವಿರಾಮ ತೆಗೆದುಕೊಳ್ಳಿ.’

ಬೋಲ್ಟೂ, ನಾನು ಕೈಯಲ್ಲಿದ್ದ ಟವೆಲ್ ಹಿಡಕೊಂಡು ನಿಂತುಬಿಟ್ಟೆ. ಇಷ್ಟು ವರ್ಷದಲ್ಲಿ ಅವಳು ನನಗೆ ಆ ಮಾತು ಹೇಳಿದ್ದಿಲ್ಲ. ಹೇಳಬೇಕು ಅಂತ ನಾನು ಕಾದವನೂ ಅಲ್ಲ ಅಂದುಕೊಂಡಿದ್ದೆ. ಕಾದಿದ್ದೆ ಅಂತ ಆಗಲೇ ಗೊತ್ತಾದದ್ದು. ‘ಥ್ಯಾಂಕ್ಸ್ ಮೇಡಂ’ ಅಂದೆ. ಬಾಲ್ಕನಿಗೆ ಹೋಗಿ ಕುರ್ಚಿಯಲ್ಲಿ ಕೂತೆ. ಚಪ್ಪಲಿ ಬಿಟ್ಟು ಕಾಲು ಚಾಚಿದೆ. ಎದುರುಗಡೆ ಒಬ್ಬ ಕಾರು ತೊಳೆಯುತ್ತಿದ್ದ, ಅದನ್ನು ನೋಡುತ್ತಾ ಇದ್ದೆ.

ಮತ್ತೆ ಅದೇ ಮಾತು ಬಂತು. ‘ಆಯ್ತು ಮೇಡಂ, ಕೂತಿದೀನಿ!’ ಅಂತ ಕೂಗಿದೆ. ಮೂರನೇ ಸಲ ಬಂತು. ‘ಕೂತೇ ಇದೀನಿ!’ ಅಂದೆ. ನಗುತ್ತಿದ್ದೆ ನಾನು.

ಆಮೇಲೆ ಎಲ್ಲೋ ಏನೋ ತಪ್ಪಾಗಿದೆ ಅನ್ನಿಸಿತು. ನಿನ್ನ ಅಕ್ಕ ಯಾವುದನ್ನೂ ಮೂರು ಸಲ ಹೇಳುವವಳಲ್ಲ. ಎರಡನೇ ಸಲಕ್ಕೇ ‘ಕಿವಿ ಕೇಳ್ಸಲ್ವೇನ್ರೀ, ಕಲ್ಲುಗುಂಡು’ ಅನ್ನುತ್ತಾಳೆ. ಮೂರು ಸಲವಾದರೂ ಬೈಗುಳ ಬರಲಿಲ್ಲ. ಎದ್ದು ಓಡಿದೆ. ತುಟಿ ನೀಲಿಯಾಗಿತ್ತು. ಕಣ್ಣು ಮಾತ್ರ ಆ ಬ್ರೇಕ್ ಅನ್ನುವ ಚೌಕದ ಮೇಲೆ ನೆಟ್ಟಿತ್ತು. ನಾನು ಕೊಳವೆ ಹಾಕುತ್ತಿರುವಾಗಲೂ ಆ ಟ್ಯಾಬ್ ನನ್ನ ಹಿಂದೆ ನಿಂತು, ‘ರೀ, ಸ್ವಲ್ಪ ವಿರಾಮ ತೆಗೆದುಕೊಳ್ಳಿ’ ಅನ್ನುತ್ತಲೇ ಇತ್ತು.

ಉಸಿರು ಬಂತು. ಡಾಕ್ಟರು ಬಂದು ನೋಡಿದರು, ಪರವಾಗಿಲ್ಲ ಅಂದರು. ಅದೇ ದಿನ ತಗಡಮ್ಮನನ್ನು ಮತ್ತೆ ಮೇಜಿಗೆ ತಂದಿದ್ದೇನೆ. ಆದರೆ ಬೆರಳು ನಡೆಯುತ್ತಿಲ್ಲ. ನಾನು ಅವಳ ಎದುರಿನಿಂದ ಏಳುತ್ತಿಲ್ಲ. ಸ್ನಾನ ಮಾಡಿಲ್ಲ.

ಅದು ‘ಮಾನ್ಯರೇ’ ಅಂದಿದ್ದರೆ ಮೆಷಿನ್ನಿನ ಮಾತು ಅಂತ ನನಗೆ ತಿಳಿಯುತ್ತಿತ್ತು. ‘ರೀ’ ಅಂದಿತು.

ಅವಳು ಕೂಗಿದ್ದು ನನಗೆ ಕೇಳಿಸಲಿಲ್ಲ. ನೀನು ಹಿಂದೆ ಏನು ಬರೆದಿದ್ದೆ ಅಂತ ಓದಿದ್ದೇನೆ. ಕರಕೊಂಡು ಹೋಗಬೇಕು ಅಂತಿದ್ದರೆ ಬಾ. ಈ ಸಲ ಬಾಗಿಲು ತೋರಿಸುವುದಿಲ್ಲ.

ಇಂತಿ,
ನಿನ್ನ ಭಾವ


ಮಾರ್ಚ್ ೧೮

ಭಾವ,

ತಪ್ಪು ನಿಮ್ಮದಲ್ಲ. ‘ರೀ’ ಹಾಕಿಸಿದವನು ನಾನು. ಅಪ್‌ಡೇಟ್‌ಗೆ ಕಣ್ಣು ಮುಚ್ಚಿಕೊಂಡು ಸರಿ ಒತ್ತಿ ಅಂದವನೂ ನಾನೇ. ಹೊಸ ಆವೃತ್ತಿ ನಾವು ಆಫ್ ಮಾಡಿದ್ದನ್ನೆಲ್ಲ ಮತ್ತೆ ಆನ್ ಮಾಡುತ್ತದೆ ಅಂತ ಆಫೀಸಿನಲ್ಲಿ ಎಲ್ಲರಿಗೂ ಎಚ್ಚರಿಕೆ ಹೇಳುತ್ತೇನೆ, ಮನೆಗೆ ಹೇಳಲಿಲ್ಲ. ವಾಕ್ಯ ಕಟ್ಟುವುದು ಮತ್ತೆ ಆನ್ ಆಗಿ, ಅಕ್ಕನ ‘ಬ್ರೇಕ್’ ಅನ್ನು ವಿರಾಮ ಅಂತ ತಿಳಿದುಕೊಂಡಿದೆ.

ಆ ಟ್ಯಾಬನ್ನು ಮುಟ್ಟಬೇಡಿ. ತಗಡಮ್ಮನನ್ನು ಆರಿಸಬೇಡಿ, ಒಮ್ಮೆ ಆರಿದರೆ ಹತ್ತುತ್ತಾಳೋ ಇಲ್ಲವೋ. ಈ ಕಾಗದದ ಹಿಂದೆಯೇ ಹೊರಡುತ್ತೇನೆ.

ಬೋಲ್ಟು


ಏಪ್ರಿಲ್ ೯

ಬೋಲ್ಟೂ,

ಕ್ಷೇಮವಾಗಿ ಮುಟ್ಟಿದ್ದೀಯ ಅಂತ ಭಾವನ ಮೊಬೈಲಿಗೆ ಮೆಸೇಜು ಹಾಕಿದೆಯಂತೆ. ನಿಮ್ಮಿಬ್ಬರ ಮಧ್ಯೆ ಈಗ ಮೆಸೇಜು ಬೇರೆ ಓಡಾಡುತ್ತಿದೆಯಲ್ಲಪ್ಪ, ನನ್ನ ಕಣ್ಣೇ ಬೀಳದಿರಲಿ.

ನೀನು ಇಲ್ಲಿದ್ದ ಮೂರು ದಿನ ನಾನು ನಿಮ್ಮಿಬ್ಬರನ್ನೂ ನೋಡುತ್ತಲೇ ಇದ್ದೆ. ನನಗೆ ಬೇರೆ ಕೆಲಸವೇನಿದೆ? ಮೊದಲ ದಿನ ನೀನು ‘ಸ್ಕ್ರೂ ಡ್ರೈವರ್’ ಅಂದೆ, ಅವರು ಕೊಟ್ಟರು. ಅಷ್ಟೇ ಮಾತು. ಆಮೇಲೆ ನಿನ್ನ ಉಪಾಯ ನೋಡಿದೆ. ತಗಡಮ್ಮನ ಸ್ಪೀಕರ್ ಮುಂದೆ ಮೊಬೈಲು ಹಿಡಿದು, ‘ಎಲ್ಲರೂ ಉಸಿರು ಬಿಗಿ ಹಿಡೀರಿ’ ಅಂದು, ಅವಳ ‘ಬ್ರೇಕ್!’ ಅನ್ನು ರೆಕಾರ್ಡ್ ಮಾಡಿಕೊಂಡೆ. ಆ ಕೂಗನ್ನೇ ಬೆಣ್ಣೆಬಾಯಿಯ ಮೊದಲ ಚೌಕದೊಳಗೆ ಕೂರಿಸಿದೆ. ‘ಇದು ಬರೀ ಶಬ್ದ ಅಕ್ಕಾ, ಮಾತಲ್ಲ. ಇದಕ್ಕೆ ಯಾವ ಅಪ್‌ಡೇಟೂ ವ್ಯಾಕರಣ ಹಚ್ಚೋಕಾಗಲ್ಲ’ ಅಂದೆ. ನೆಟ್ಟನ್ನೂ ಕಿತ್ತೆ. ಒತ್ತಿ ನೋಡಿದಾಗ ನಿನ್ನ ಭಾವ ಎದುರಿಗೇ ನಿಂತಿದ್ದರೂ ಒಂದು ಹೆಜ್ಜೆ ಹಾರಿಬಿದ್ದರು. ನನಗೆ ಅಳು ಬಂತು. ನನ್ನ ಬಾಯಿ ನನಗೆ ವಾಪಸ್ಸು ಬಂದಿತ್ತು.

ನೀನು ಹೋದ ವಾರಕ್ಕೇ ತಗಡಮ್ಮ ಕಟ್ ಅಂದಳು, ಮತ್ತೆ ಹತ್ತಲಿಲ್ಲ. ಕೂಗನ್ನು ಕೊಟ್ಟು ಹೋದಳು ಪುಣ್ಯಾತ್ಗಿತ್ತಿ.

ನಾನು ನಿದ್ದೆ ಮಾಡುತ್ತಿದ್ದೇನೆ ಅಂದುಕೊಂಡು ನೀವಿಬ್ಬರೂ ಆಡಿದ ಮಾತು ನನಗೆ ಕೇಳಿಸಿತು. ಟ್ಯಾಬಿನಲ್ಲಿ ಉಳಿದುಕೊಂಡಿದ್ದ ಆ ‘ದಣಿವಾಗಿದೆ, ವಿರಾಮ ತೆಗೆದುಕೊಳ್ಳಿ’ ಅನ್ನುವ ವಾಕ್ಯವನ್ನು ನೀನು ಅಳಿಸಲು ಹೋದೆ. ಅವರು ತಡೆದರು.

‘ಇರ್ಲಿ ಬಿಡೋ.’

‘ಭಾವ, ಅದು ಅಕ್ಕ ಹೇಳಿದ್ದಲ್ಲ.’

‘ಗೊತ್ತು ಕಣಯ್ಯಾ. ಆದ್ರೂ ಇರ್ಲಿ. ಒಂದು ಮೂಲೇಲಿ ಇರ್ಲಿ.’

ನೀನು ಅಳಿಸದೆ ಬಿಟ್ಟೆ. ಹೊರಡುವಾಗ ನಿನ್ನ ಬ್ಯಾಗಿನ ಪಕ್ಕದ ಜೇಬಿನಿಂದ ಆ ನರ್ಸಿಂಗ್ ಹೋಮಿನ ಬಣ್ಣದ ಕಾಗದ ಇಣುಕುತ್ತಿತ್ತು. ಅದನ್ನು ಹೊರಗೆ ತೆಗೆಯದೆ ಹಾಗೇ ತಗೊಂಡು ಹೋದೆಯಲ್ಲ, ಅದು ನಾನು ನೋಡಿದೆ. ಅವರೂ ನೋಡಿದರು.

ಈಗ ನನ್ನ ವಿಷಯ. ಆವತ್ತು ಉಸಿರು ಕಟ್ಟಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ನಾನು ಇಲ್ಲಿ ಸಾಯುತ್ತಿದ್ದೇನೆ, ಈ ಮನುಷ್ಯ ಥ್ಯಾಂಕ್ಸ್ ಮೇಡಂ ಅಂತಾನೆ! ಆಮೇಲೆ ಅವರು ಬಾಲ್ಕನಿಯ ಕುರ್ಚಿಯಲ್ಲಿ ಕೂತು ‘ಅಮ್ಮಾ’ ಅಂತ ಉಸಿರು ಬಿಟ್ಟದ್ದು ಕೇಳಿಸಿತು. ಅಷ್ಟು ಸುಖದ ಉಸಿರನ್ನು ನಾನು ಅವರಿಂದ ಯಾವತ್ತೂ ಕೇಳಿರಲಿಲ್ಲ. ಬೇರೆಯವರ ಬಾಯಿಂದ, ಅದೂ ಮೆಷಿನ್ನಿನ ಬಾಯಿಂದ, ತಪ್ಪಿ ಬಂದ ಒಂದು ಒಳ್ಳೆಯ ಮಾತಿಗೆ ನನ್ನ ಗಂಡ ಅಷ್ಟು ಹಸಿದಿದ್ದರು. ನನಗೆ ನಾಚಿಕೆಯಾಯಿತು, ಬೋಲ್ಟೂ. ಹೊಟ್ಟೆಕಿಚ್ಚೂ ಆಯಿತು.

ಅದಕ್ಕೇ ಮೊನ್ನೆ ನಿರ್ಧಾರ ಮಾಡಿ, ಮೂಲೆಯಲ್ಲಿರುವ ಆ ವಾಕ್ಯವನ್ನು ನಾನೇ ಒತ್ತಿದೆ. ಬೇಕಂತಲೇ, ಮನಸಾರೆ. ‘ರೀ, ನಿಮಗೆ ದಣಿವಾಗಿದೆ...’ ಅಷ್ಟರಲ್ಲೇ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು. ಮೆಷಿನ್ ಎಳಕೊಂಡು ಓಡಿಬಂದು ಕೊಳವೆಯನ್ನು ನನ್ನ ಬಾಯಿಗೆ ಹಾಕೇಬಿಟ್ಟರು! ಈಗ ಈ ಮನೆಯಲ್ಲಿ ಯಾರಾದರೂ ವಿಶ್ರಾಂತಿ ತಗೊಳ್ಳಿ ಅಂದರೆ ಸಾಕು, ಅವರ ಜೀವ ಬಾಯಿಗೆ ಬರುತ್ತದೆ. ಇವರನ್ನು ಕೂರಿಸುವುದು ಹೇಗಪ್ಪ ಅಂತ ಎರಡು ದಿನ ಯೋಚನೆ ಮಾಡಿದೆ.

ಬೆಣ್ಣೆಬಾಯಿಯ ಭಾಷೆ ನನ್ನದಲ್ಲ. ಅದರಲ್ಲಿ ಹೇಳಿದರೆ ನನ್ನ ಮಾತು ಅಂತ ಇನ್ನು ಅವರು ನಂಬುವುದೂ ಇಲ್ಲ. ಇವತ್ತು ಮಧ್ಯಾಹ್ನ ಅವರು ಕಿಟಕಿ ಒರೆಸುತ್ತಿದ್ದರು. ನಾನು ಒಂದೊಂದೇ ಅಕ್ಷರ ನೋಡಿ ನೋಡಿ ಬರೆದು ಒತ್ತಿದೆ:

‘ರೀ. ಗಾಡಿ ಪಕ್ಕಕ್ಕೆ ಹಾಕಿ. ನ್ಯೂಟ್ರಲ್. ಹ್ಯಾಂಡ್‌ಬ್ರೇಕ್ ಎಳೀರಿ. ಎಷ್ಟು ಸಲ ಹೇಳ್ಬೇಕು ನಿಮಗೆ, ಕಲ್ಲುಗುಂಡು?’

ಒರೆಸುವ ಬಟ್ಟೆ ಕೈಯಲ್ಲೇ ನಿಂತಿತು. ತಿರುಗಿ ಮೊದಲು ನನ್ನ ತುಟಿಯ ಬಣ್ಣ ನೋಡಿದರು. ಆಮೇಲೆ ಪರದೆಯನ್ನು ಎರಡು ಸಲ ಓದಿದರು. ‘ಅಪ್ಪಣೆ ಮೇಡಂ’ ಅಂದರು. ನನ್ನ ಗಾಲಿಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಚಕ್ರಕ್ಕೆ ಬೆನ್ನು ಕೊಟ್ಟು, ಇಲ್ಲದ ಹ್ಯಾಂಡ್‌ಬ್ರೇಕನ್ನು ಕೈಯಲ್ಲಿ ಎಳೆದು, ಬಾಯಲ್ಲಿ ‘ಕರ್ರ್’ ಅಂದರು. ಹಾಗೇ ನಿದ್ದೆ ಹೋದರು.

ಮುಂದಿನ ಸಲ ಬಂದಾಗ ನನಗೆ ಆ ಮಾತಿಗೆ ಒಂದು ಚೌಕ ಮಾಡಿಕೊಡು. ನನ್ನ ಬೈಗುಳದ ಸಮೇತ, ಒಂದಕ್ಷರವೂ ಆಚೀಚೆ ಆಗಬಾರದು. ‘ಬ್ರೇಕ್’ನ ಪಕ್ಕದಲ್ಲಿ ಮಾತ್ರ ಇಡಬೇಡ, ಕಣ್ಣು ತಪ್ಪೀತು.

ಅವರ ಗೊರಕೆ ಕೇಳುತ್ತಾ ಈ ಕಾಗದ ಮುಗಿಸಿದ್ದೇನೆ. ಪ್ರಿಂಟ್ ತೆಗೆಯಬೇಕಾದರೆ ಅವರು ಏಳಬೇಕು. ನಾನು ಏಳಿಸುವುದಿಲ್ಲ. ಅಂಚೆಯ ಮುದ್ರೆ ನೋಡಿ ಗಾಬರಿಯಾಗಬೇಡ, ಈ ಸಲ ತಡವಾದದ್ದು ಅದಕ್ಕೆ.

ನಿನ್ನ
ಅಕ್ಕ